ಹಳದಿ ಕಿತ್ತಳೆಯಾಗುವ ಹನಿ

ಫೆಬ್ರವರಿ 11

ಕುತ್ತಿಗೆಯ ಗಂಟು ಕ್ಷಯವೇ ಎಂದು ಇವತ್ತು ಖಚಿತವಾಯಿತು. ಶ್ವಾಸಕೋಶಕ್ಕೆ ಏನೂ ಆಗಿಲ್ಲ, ಯಾರಿಗೂ ಅಂಟುವುದಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರ್ ಮೂರು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಆರು ತಿಂಗಳು ಮಾತ್ರೆ. ಒಂದು ದಿನವೂ ತಪ್ಪಿಸುವಂತಿಲ್ಲ, ತೆಗೆದುಕೊಂಡದ್ದನ್ನು ಬರೆದಿಡಿ ಎಂದರು. ಅದಕ್ಕೇ ಲ್ಯಾಬಿನಲ್ಲಿ ಬಿದ್ದಿದ್ದ ಹಳೆಯ ಡೈರಿಯೊಂದನ್ನು ತಂದಿದ್ದೇನೆ. ಇದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ಮರ್ಯಾದೆಗೆಂದು ಬರೆಯಬೇಕಾದ್ದೂ ಇಲ್ಲ.

ಎದ್ದು ಹೊರಡುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. "ಈ ನಾಲ್ಕು ಮಾತ್ರೆಗಳಲ್ಲಿ ಒಂದು ಅಪರೂಪಕ್ಕೆ ಕಣ್ಣಿನ ನರಕ್ಕೆ ತೊಂದರೆ ಕೊಡುತ್ತೆ. ಕೆಂಪು, ಹಸಿರು ಮಂಕಾಗಿ ಕಾಣ್ತಿದೆ ಅನ್ನಿಸಿದ್ರೆ ಅವತ್ತೇ ಬಂದ್ಬಿಡಿ. ನಿಲ್ಲಿಸಿದ್ರೆ ಸರಿ ಹೋಗುತ್ತೆ. ತಡ ಆದ್ರೆ ಕಷ್ಟ."

ನನಗೆ ನಗು ಬಂತು. ಇಪ್ಪತ್ತಾರು ವರ್ಷದಿಂದ ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಬಣ್ಣ ನೋಡಿಯೇ ಅನ್ನ ತಿನ್ನುತ್ತಿದ್ದೇನೆ. "ಬಣ್ಣದ ವಿಷಯ ನನಗೆ ಬಿಡಿ ಡಾಕ್ಟ್ರೇ" ಎಂದೆ.

ಅಕ್ಕನಿಗೆ ಮಾತ್ರೆಯ ವಿಷಯ ಹೇಳಿದೆ, ಕಣ್ಣಿನ ಮಾತು ಹೇಳಲಿಲ್ಲ. ಭಾವ ಹೋದ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವುದು ಅವಳ ಮೊದಲನೇ ಉದ್ಯೋಗ, ಹೆದರುವುದು ಎರಡನೆಯದು. ಎರಡಕ್ಕೂ ಅವಳಿಗೆ ಪುರುಸೊತ್ತಿಲ್ಲದಷ್ಟು ಕೆಲಸ ಈಗಾಗಲೇ ಇದೆ.

ಫೆಬ್ರವರಿ 14

ಮೂತ್ರ ಕಡು ಕಿತ್ತಳೆ ಬಣ್ಣ. ಮಾತ್ರೆಯಿಂದ ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರು, ಆದರೂ ದೀಪ ಹಾಕಿ ಇನ್ನೊಮ್ಮೆ ನೋಡಿದೆ. ಹೊಟ್ಟೆ ತೊಳಸುತ್ತದೆ. ಲ್ಯಾಬಿನಲ್ಲಿ ನನ್ನ ಲೋಟವನ್ನು ಯಾರೋ ಬೇರೆ ಕಪಾಟಿನಲ್ಲಿಟ್ಟಿದ್ದಾರೆ. ಯಾರೆಂದು ಕೇಳಲಿಲ್ಲ. ಕೇಳಿದರೆ ಯಾರೂ ಇಟ್ಟಿಲ್ಲ ಎನ್ನುತ್ತಾರೆ. ಲೋಟವೇ ಎದ್ದು ನಡೆದುಕೊಂಡು ಹೋಗಿರಬೇಕು.

ಫೆಬ್ರವರಿ 27

ನನಗೊಬ್ಬ ಸಹಾಯಕನನ್ನು ಕೊಟ್ಟಿದ್ದಾರೆ. ವಯಸ್ಸು ನಲವತ್ತೆಂಟು. ನೀರಿನ ಬಿಲ್ಲಿನ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕೂತು ರಶೀದಿ ಹರಿದು ಕೊಟ್ಟವನು. ಈಗ ಕೌಂಟರುಗಳನ್ನು ಕಡಿಮೆ ಮಾಡಿದರಂತೆ, ಇವನನ್ನು ತಂದು ನನ್ನ ತಲೆಗೆ ಕಟ್ಟಿದರು. ಇಡೀ ಘಟಕ ಅವನನ್ನು ರಶೀದಿ ಎಂದೇ ಕರೆಯುತ್ತದೆ. ಅವನಿಗೂ ಬೇಜಾರಿಲ್ಲ.

ಬಂದವನೇ ಕೇಳಿದ, "ಮೇಡಂ, ರಾಸಾಯನಿಕ ಬದಲಾವಣೆ ಆಯ್ತು ಅಂತ ಗೊತ್ತಾಗೋದು ಹೇಗೆ? ಅದೇನು ಹೇಳಿ ಕಳಿಸುತ್ತಾ?"

ಮಧ್ಯಾಹ್ನವೆಲ್ಲ ಪಾಠ. ಸುಣ್ಣದ ಹರಳಿಗೆ ನೀರು ಹಾಕಿ ಬೀಕರ್ ಮುಟ್ಟಿಸಿದೆ, ಕೈ ಎಳೆದುಕೊಂಡ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿಸಿದೆ, ಬೆಳ್ಳಗಾಗಿ ತಳದಲ್ಲಿ ಮಡ್ಡಿ ಕೂತಿತು. ಸೋಡಾ ಪುಡಿಗೆ ಆಸಿಡ್ ಬಿಟ್ಟೆ, ಬುರುಬುರು ಗುಳ್ಳೆ ಎದ್ದವು. ಮೈಲುತುತ್ತದ ನೀಲಿ ನೀರಿಗೆ ಕಬ್ಬಿಣದ ಮೊಳೆ ಹಾಕಿದೆ, ಮೊಳೆಗೆ ತಾಮ್ರ ಹತ್ತಿ ನೀರಿನ ನೀಲಿ ಇಳಿಯಿತು. ಶಾಖ, ಮಡ್ಡಿ, ಗುಳ್ಳೆ, ವಾಸನೆ, ಬಣ್ಣ, ಇವೇ ಗುರುತುಗಳು. ಆದರೆ ಒಂದೇ ಗುರುತು ನಂಬಿ ಕೂರಬೇಡಿ, ನೀರು ಕುದಿದರೂ ಗುಳ್ಳೆ ಬರುತ್ತದೆ, ನೀರು ನೀರಾಗಿಯೇ ಇರುತ್ತದೆ ಎಂದೆ.

ಆಮೇಲೆ ವಿಧಗಳು. ಎರಡು ಸೇರಿ ಒಂದಾಗುವುದು ಸಂಯೋಗ, ಒಂದು ಒಡೆದು ಎರಡಾಗುವುದು ವಿಭಜನೆ, ಬಲವಾದದ್ದು ಬಂದು ದುರ್ಬಲವಾದದ್ದನ್ನು ಹೊರಗೆ ತಳ್ಳುವುದು ಸ್ಥಾನಪಲ್ಲಟ.

"ಗೊತ್ತಾಯ್ತು ಬಿಡಿ" ಎಂದ ರಶೀದಿ. "ಮದುವೆ, ಪಾಲು, ವರ್ಗಾವಣೆ."

"ಎರಡು ಸಂಯುಕ್ತಗಳು ತಮ್ಮ ತಮ್ಮ ಭಾಗ ಅದಲುಬದಲು ಮಾಡಿಕೊಂಡರೆ ದ್ವಿಸ್ಥಾನಪಲ್ಲಟ."

"ಪರಸ್ಪರ ವರ್ಗಾವಣೆ. ಇದಕ್ಕೆ ಅರ್ಜಿ ಕೊಟ್ಟು ಐದು ವರ್ಷ ಕಾದಿದ್ದೆ ಮೇಡಂ."

ನಾನು ನಗಲಿಲ್ಲ. ಬರೆಯುವಾಗ ನಗು ಬರುತ್ತಿದೆ.

ಕಡೆಗೆ ದಿನದ ಮುಖ್ಯ ಕೆಲಸ ತೋರಿಸಿದೆ. ನದಿಯಿಂದ ಬಂದ ನೀರಿನ ಕ್ಷಾರತೆ ನೋಡುವುದು. ನೀರನ್ನು ಫ್ಲಾಸ್ಕಿಗೆ ಅಳೆದು ಎರಡು ಹನಿ ಇಂಡಿಕೇಟರ್ ಹಾಕಿದರೆ ಹಳದಿಯಾಗುತ್ತದೆ. ಬ್ಯೂರೆಟ್ಟೆಂಬ ಅಳತೆಯ ಗಾಜಿನ ಕೊಳವೆಯಿಂದ ಒಂದೊಂದೇ ಹನಿ ಆಸಿಡ್ ಬಿಡುತ್ತಾ ಫ್ಲಾಸ್ಕನ್ನು ಅಲುಗಿಸುತ್ತಿರಬೇಕು. ಯಾವ ಹನಿಗೆ ಹಳದಿ ಕಿತ್ತಳೆಯಾಯಿತೋ ಅಲ್ಲಿಗೆ ನಿಲ್ಲಿಸಿ ಅಂಕಿ ಓದಬೇಕು. ಆ ಅಂಕಿ ನೋಡಿಯೇ ನೀರಿಗೆ ಪಟಿಕ ಎಷ್ಟು, ಸುಣ್ಣ ಎಷ್ಟು ಎಂದು ಕೆಳಗೆ ಆಪರೇಟರ್ ನಿರ್ಧರಿಸುವುದು. ಅಂಕಿ ತಪ್ಪಿದರೆ ಕೊಳೆ ತಳಕ್ಕೆ ಕೂರುವುದಿಲ್ಲ, ಕಲಕು ನೀರು ಜನರ ನಲ್ಲಿಗೆ ಹೋಗುತ್ತದೆ. ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ.

ಮಾರ್ಚ್ 9

ಮಾತ್ರೆ ತೆಗೆದುಕೊಂಡೆ. ಗಂಟು ಹಾಗೇ ಇದೆ. ರಶೀದಿ ಬೇರೆ ಕಪಾಟಿನಿಂದ ನನ್ನ ಲೋಟ ತೆಗೆದು ಅದರಲ್ಲೇ ನೀರು ಕುಡಿದ. ಅದು ನನ್ನದು ಎಂದೆ. "ಹೌದಾ, ಚೆನ್ನಾಗಿದೆ" ಎಂದು ತೊಳೆದು ಎಲ್ಲರ ಲೋಟಗಳ ಜೊತೆ ಇಟ್ಟ.

ಏಪ್ರಿಲ್ 16

ಗಂಟು ಕರಗುತ್ತಿದೆ ಎಂದರು ಡಾಕ್ಟರ್. ನಾಲ್ಕು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದರು, ಕಣ್ಣಿನದ್ದು ಸೇರಿ ಮೂರು ಉಳಿದಿವೆ. "ಕಣ್ಣು?" ಎಂದು ಕೇಳಿದರು. "ಹದ್ದಿನ ಕಣ್ಣು" ಎಂದೆ. ಮೂತ್ರದ ಕಿತ್ತಳೆ ಕೂಡ ಇಳಿದಿದೆ, ಮೈ ಮಾತ್ರೆಗೆ ಒಗ್ಗಿಕೊಂಡಿರಬೇಕು.

ಉಗ್ರಾಣದಿಂದ ಬಂದ ಹೊಸ ಇಂಡಿಕೇಟರ್ ಶುದ್ಧ ಕಳಪೆ. ಕಿತ್ತಳೆಗೆ ತಿರುಗುವುದೇ ಇಲ್ಲ, ಒಂಥರಾ ಮಸುಕು ಹಳದಿಯಲ್ಲೇ ನಿಲ್ಲುತ್ತದೆ. ದೂರು ಬರೆದು ಕಳಿಸಿದೆ. ರಶೀದಿಗೆ ಮಾತ್ರ ಅವಸರ, ನನಗಿಂತ ಎಷ್ಟೋ ಮೊದಲೇ ಬ್ಯೂರೆಟ್ಟಿನ ಕೊಳಾಯಿ ಮುಚ್ಚುತ್ತಾನೆ.

"ಆಗಲೇ ಬಂತಲ್ಲ ಮೇಡಂ" ಎಂದ.

"ಎಲ್ಲಿ ಬಂತು? ರಶೀದಿ ಹರಿದಷ್ಟು ಸುಲಭ ಅಂದ್ಕೊಂಡ್ರಾ?"

ಎರಡನೇ ಸಲವೂ ಅದನ್ನೇ ಹೇಳಿದ. ಎರಡನೇ ಸಲ ಎಲ್ಲರಿಗೂ ಕೇಳಿಸುವಂತೆ ಬೈದೆ. ತಲೆ ಕೆಳಗೆ ಹಾಕಿಕೊಂಡು ಹೋದ.

ಏಪ್ರಿಲ್ 29

ಲ್ಯಾಬಿನ ಟ್ಯೂಬ್‌ಲೈಟ್ ಬದಲಾಯಿಸಿ ಎಂದು ಹೇಳಿ ಹೇಳಿ ಸಾಕಾಯಿತು. ಬದಲಾಯಿಸಿದ್ದೇವೆ ಎನ್ನುತ್ತಾರೆ. ಯಾವ ಗುಜರಿಯಿಂದ ತಂದರೋ, ಎಲ್ಲವೂ ಬೂದಿ ಬಳಿದಂತಿದೆ.

ಅಕ್ಕ ಕಂದು ದಾರ ಕೊಡು ಎಂದಳು, ಪೆಟ್ಟಿಗೆಯಿಂದ ತೆಗೆದು ಕೊಟ್ಟೆ. ಬೆಳಗ್ಗೆ ನೋಡಿದರೆ ಲಂಗದ ಹೊಲಿಗೆಯನ್ನೆಲ್ಲ ಬಿಚ್ಚುತ್ತಾ ಕೂತಿದ್ದಳು. ಏನಾಯಿತು ಎಂದರೆ "ಹೊಲಿಗೆ ಸೊಟ್ಟ ಹೋಗಿತ್ತು ಕಣೇ" ಎಂದಳು. ಅವಳ ಹೊಲಿಗೆ ಸೊಟ್ಟ ಹೋದದ್ದನ್ನು ನಾನು ನೋಡಿಯೇ ಇಲ್ಲ. ವಯಸ್ಸಾಗುತ್ತಿದೆ, ಪಾಪ.

ಮೇ 12

ರಶೀದಿ ಕೊನೆಗೂ ದಾರಿಗೆ ಬಂದ. ಈಗ ವಾದವಿಲ್ಲ. ನಾನು ಪರೀಕ್ಷೆ ಮಾಡಿ ಅಂಕಿ ಹೇಳುತ್ತೇನೆ, ಅವನು ರಿಜಿಸ್ಟರಿಗೆ ಬರೆಯುತ್ತಾನೆ. ಅವನ ಅಕ್ಷರ ದುಂಡಗಿದೆ, ನನಗೆ ಈಚೆಗೆ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುತ್ತಿಲ್ಲ, ಕನ್ನಡಕ ಬದಲಾಯಿಸಬೇಕು. ಊಟಕ್ಕೂ ಬರದೆ ಲ್ಯಾಬಿನಲ್ಲೇ ಉಳಿದು ಫ್ಲಾಸ್ಕ್ ತೊಳೆಯುತ್ತಾನೆ. ಬೈದದ್ದು ನಾಟಿದೆ. ಆಸಿಡ್ ಮಾತ್ರ ಎರಡು ವಾರಕ್ಕೆ ಬರಬೇಕಾದ್ದು ಒಂದೇ ವಾರಕ್ಕೆ ಮುಗಿಯುತ್ತಿದೆ. ಚೆಲ್ಲುತ್ತಾನೆಂದು ಕಾಣುತ್ತದೆ.

ಮೇ 30

ಮಾತ್ರೆ. ವಾಕರಿಕೆ. ಯಾರ ಮುಖ ನೋಡಿದರೂ ಮಧ್ಯದಲ್ಲಿ ಮಂಕು. ಕನ್ನಡಕ ಒರೆಸಿದ್ದೇ ಒರೆಸಿದ್ದು.

ಇಷ್ಟೆಲ್ಲ ಗುಣವಾಗಿ ಮಾಡುವುದೇನು ಎಂದು ಅನ್ನಿಸುತ್ತದೆ. ಇದನ್ನು ಅಕ್ಕನ ಎದುರು ಅನ್ನುವಂತಿಲ್ಲ.

ಜೂನ್ 3

ಮಾತ್ರೆ.

ಜೂನ್ 17

ರಶೀದಿ ಮಗಳನ್ನು ಹಾಸ್ಟೆಲಿಗೆ ಸೇರಿಸಲು ಮೂರು ದಿನ ರಜೆ ಹಾಕಿದ್ದಾನೆ. ಹೋಗುವ ಮುಂಚೆ ನಾಲ್ಕು ಸಲ ಕೇಳಿದ, "ಬೇರೆ ಯಾರನ್ನಾದ್ರೂ ಕರೆಸಿಕೊಳ್ಳಿ ಮೇಡಂ, ನಾನೇ ಹೇಳ್ಲಾ?" ಎಂದು. ಆರು ವಾರ ಫ್ಲಾಸ್ಕ್ ತೊಳೆದವನಿಗೆ ತಾನಿಲ್ಲದಿದ್ದರೆ ಲ್ಯಾಬ್ ನಡೆಯುವುದಿಲ್ಲ ಎನ್ನುವಷ್ಟು ಜಂಬ. ಮೂರು ದಿನ ನೆಮ್ಮದಿಯಾಗಿರುತ್ತೇನೆ ಎಂದೆ.

ಜೂನ್ 19

ನಿನ್ನೆ ಮಧ್ಯಾಹ್ನದಿಂದ ಅರ್ಧ ಊರಿನ ನಲ್ಲಿಗಳಲ್ಲಿ ಕಲಕು ನೀರು.

ಮೇಲಿನ ಅಣೆಕಟ್ಟೆಯಿಂದ ಹೊಸ ನೀರು ಬಿಟ್ಟಿದ್ದರಂತೆ, ನದಿಯ ಕ್ಷಾರತೆ ಅರ್ಧಕ್ಕರ್ಧ ಇಳಿದಿತ್ತು. ಸುಣ್ಣ ಹಾಕಬೇಕಿತ್ತು. ನಾನು ಕೊಟ್ಟ ಅಂಕಿ ಎಂದಿನಂತೇ ಎಂಬತ್ತು. ಅದನ್ನು ನಂಬಿ ಆಪರೇಟರ್ ಸುಣ್ಣ ಹಾಕಲಿಲ್ಲ, ಪಟಿಕ ಕೆಲಸ ಮಾಡಲಿಲ್ಲ, ಕೊಳೆ ತೇಲುತ್ತಲೇ ಹೋಯಿತು. ಹೇಗೆ ಎಂಬತ್ತು ಬಂತು ಎಂದು ಯೋಚಿಸುತ್ತಿದ್ದೇನೆ. ದಿನಾ ಬರುವಷ್ಟು ಆಸಿಡ್ ಇಳಿದ ಮೇಲೆ ಬಣ್ಣ ಏನೋ ತಿರುಗಿದಂತೆ ಕಂಡಿತ್ತು. ಕಂಡಿತ್ತೋ, ಕಾಣಬೇಕಾದ ಜಾಗದಲ್ಲಿ ನಾನೇ ನಿಲ್ಲಿಸಿದೆನೋ.

ಎಂಜಿನಿಯರ್ ಲ್ಯಾಬಿಗೆ ಬಂದು ತಮ್ಮ ಕೈಯಾರೆ ಪರೀಕ್ಷೆ ಮಾಡಿದರು. ಆಸಿಡ್ ಬಿಡುತ್ತಾ ಬಿಡುತ್ತಾ ನಿಲ್ಲಿಸಿ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಯಾವ ಬಣ್ಣ ಮೇಡಂ?"

"ಹಳದಿ."

ಅವರು ಇನ್ನಷ್ಟು ಆಸಿಡ್ ಸುರಿದರು. ಹನಿಯಲ್ಲ, ಧಾರೆ. "ಈಗ?"

"ಹಳದಿನೇ. ಇಂಡಿಕೇಟರ್ ಸರಿ ಇಲ್ಲ ಅಂತ ಏಪ್ರಿಲ್‌ನಲ್ಲೇ ಬರೆದಿದ್ದೀನಿ."

ಕೆಳಗಿನಿಂದ ಬಂದಿದ್ದ ಆಪರೇಟರ್ ಬಾಗಿಲಲ್ಲಿ ನಿಂತವನು ತಲೆ ತಗ್ಗಿಸಿದ. ಎಂಜಿನಿಯರ್ ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟು, "ಮೇಡಂ, ಇದು ಕೆಂಪು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ನನ್ನ ಕುರ್ಚಿ ಎಳೆದು ಕೊಟ್ಟರು.

ಜೂನ್ 20

ಕಣ್ಣಿನ ಆಸ್ಪತ್ರೆ. ಪುಸ್ತಕದ ತುಂಬ ಬಣ್ಣದ ಚುಕ್ಕೆಗಳು, ಚುಕ್ಕೆಗಳ ನಡುವೆ ಅಂಕಿ ಇದೆಯಂತೆ, ಓದಬೇಕಂತೆ. ಮೊದಲ ಹಾಳೆ ಒಂದನ್ನು ಓದಿದೆ, ಅದು ಎಲ್ಲರಿಗೂ ಕಾಣುತ್ತದಂತೆ. ಆಮೇಲೆ ಹದಿಮೂರು ಹಾಳೆ ತಿರುವಿದರು. ಹದಿಮೂರರಲ್ಲೂ ಬರೀ ಚುಕ್ಕೆ.

ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಿದರು. "ಎಷ್ಟು ದಿನದಿಂದ?" ಎಂದರು ಡಾಕ್ಟರ್. ಇಂಡಿಕೇಟರ್ ಕೆಟ್ಟ ದಿನದಿಂದ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಏಪ್ರಿಲ್ ಎಂದೆ. "ಆಗ ಬಂದಿದ್ರೆ ಧೈರ್ಯವಾಗಿ ಹೇಳ್ತಿದ್ದೆ. ಈಗ ಕಾದು ನೋಡೋಣ" ಎಂದರು. ನನಗೆ ಆ ದನಿ ಗೊತ್ತು. ನೀರು ಚೆನ್ನಾಗಿದೆಯಾ ಎಂದು ಜನ ಫೋನ್ ಮಾಡಿದಾಗ, ಚೆನ್ನಾಗಿಲ್ಲದ ದಿನ, ನಾವೂ ಅದೇ ದನಿಯಲ್ಲಿ ಮಾತಾಡುತ್ತೇವೆ.

ಜೂನ್ 23

ರಶೀದಿ ರಜೆ ಮುಗಿಸಿ ಬಂದ. ಅವನು ಕೂರುವುದಕ್ಕೂ ಬಿಡದೆ ಕೇಳಿದೆ, "ನಾನು ಹೇಳಿದ ಅಂಕಿಗಳೆಲ್ಲ ತಪ್ಪಿದ್ರೆ, ಇಷ್ಟು ದಿನ ನೀರು ಹೇಗೆ ಸರಿಯಾಗಿತ್ತು?"

ಅವನು ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟ. "ನೀವು ಹೇಳಿದ್ದನ್ನ ನಾನು ಬರೆದಿಲ್ಲ ಮೇಡಂ. ಏಪ್ರಿಲ್ ಕೊನೆಯಿಂದ. ಊಟದ ಹೊತ್ತಲ್ಲಿ ಎಲ್ಲಾನೂ ಮತ್ತೆ ಮಾಡಿ, ಬಂದಿದ್ದನ್ನ ಬರೀತಿದ್ದೆ. ಕೆಳಗೂ ಅದನ್ನೇ ಫೋನ್ ಮಾಡಿ ಹೇಳ್ತಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಎರಡು ಸಲ ಹೇಳ್ದೆ. ನೀವು ಬೈದ್ರಿ." ರಿಜಿಸ್ಟರನ್ನು ನನ್ನತ್ತ ತಳ್ಳಿ ಮತ್ತೆ ಹೇಳಿದ, "ಬೈದಿದ್ದಕ್ಕಲ್ಲ. ವಯಸ್ಸಿಗೆ ಕಣ್ಣು ಮಂಜಾಗಿದೆ ಅಂದ್ಕೊಂಡೆ. ಮೇಲಿನವರಿಗೆ ಗೊತ್ತಾದ್ರೆ ನಿಮ್ಮನ್ನ ಇಲ್ಲಿಂದ ತೆಗೀತಾರೆ. ಕಾಯಿಲೆಯವರು ಬೇರೆ. ಹೇಗಿದ್ರೂ ನಾನಿದ್ದೀನಲ್ಲ, ಆದಷ್ಟು ದಿನ ನಡೀಲಿ ಅಂದ್ಕೊಂಡೆ. ಮಾತ್ರೆಯಿಂದ ಅಂತ ನನಗೇನು ಗೊತ್ತು ಮೇಡಂ?"

ಗೊತ್ತಿರುವುದಾದರೂ ಹೇಗೆ, ನಾನು ಯಾರಿಗೂ ಹೇಳಿರಲಿಲ್ಲ.

ಮನೆಗೆ ಬಂದು ಅಕ್ಕನನ್ನು ಕೇಳಿದೆ. ಮೊದಲು ಇಲ್ಲ ಎಂದಳು, ಆಮೇಲೆ ಅತ್ತಳು. ನಾನು ತೆಗೆದುಕೊಟ್ಟ ದಾರದಿಂದ ಹನ್ನೊಂದು ಲಂಗ ಬಿಚ್ಚಿ ಹೊಲಿದಿದ್ದಾಳೆ. "ಮೊದಲೇ ಬೇಜಾರಲ್ಲಿದ್ದೀಯ, ದಾರದ್ದೊಂದು ಯಾಕೆ ಹೇಳೋದು ಅನ್ನಿಸ್ತು ಕಣೇ."

ಇಬ್ಬರೂ ಸೇರಿ ನನ್ನ ಕಣ್ಣು ಹೋಗುವುದನ್ನು ನನ್ನಿಂದಲೇ ಮುಚ್ಚಿಟ್ಟರು. ಅಂಗೈಯಲ್ಲಿ ಹಿಡಿದು ಕಾಪಾಡಿದ ಹಾಗೆ ಮುಚ್ಚಿಟ್ಟರು. ಒಬ್ಬರಾದರೂ ನಿನಗೆ ಕಾಣುತ್ತಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡುತ್ತಿದ್ದೆ. ಓಡುತ್ತಿದ್ದೆನೇ? ಮೊದಲು ಬೈಯುತ್ತಿದ್ದೆ, ಆಮೇಲೆ ಓಡುತ್ತಿದ್ದೆ.

ಅಕ್ಕನಿಗೆ ಹೇಳಿದೆ, ಇನ್ನೊಂದು ಸಲ ನನಗೆ ಸಮಾಧಾನವಾಗಲಿ ಎಂದು ಸುಳ್ಳು ಹೇಳಿದರೆ ಈ ಮನೆಯಲ್ಲಿ ನಿನ್ನ ಜೊತೆ ಇರುವುದಿಲ್ಲ ಎಂದು. ಇಪ್ಪತ್ತಾರು ವರ್ಷ ಒಂದು ಸುಳ್ಳು ಅಂಕಿ ಬರೆದವಳಲ್ಲ ನಾನು. ಕಂಡದ್ದು ಬರೆ, ಕಾಣದಿದ್ದರೆ ಕಾಣಲಿಲ್ಲ ಎಂದು ಬರೆ. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಜುಲೈ 15

ನನ್ನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದ್ದಾರೆ. ಲ್ಯಾಬ್ ಈಗ ರಶೀದಿಯದು. ಕಬ್ಬಿಣ ಬಂದ ಮೇಲೆ ತಾಮ್ರ ತಳ ಸೇರಲೇಬೇಕು ಎಂದು ಅವನಿಗೆ ಹೇಳಿದೆ, ನಗಿಸೋಣವೆಂದು. ಅವನು ನಗಲಿಲ್ಲ. ಕಡತಗಳ ಬೆನ್ನ ಮೇಲಿನ ದೊಡ್ಡ ಅಂಕಿಗಳು ಓರೆಯಾಗಿ ನೋಡಿದರೆ ಕಾಣುತ್ತವೆ. ಈ ಡೈರಿಯನ್ನು ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಒಂದು ಪುಟಕ್ಕೆ ಎಂಟೇ ಸಾಲು ಹಿಡಿಸುತ್ತದೆ.

ಆಗಸ್ಟ್ 12

ಮಾತ್ರೆ ಮುಗಿಯಿತು. ಗಂಟು ಪೂರ್ತಿ ಕರಗಿದೆ. "ನೀವು ಗುಣವಾದ್ರಿ" ಎಂದರು ಡಾಕ್ಟರ್. ಅವರ ಮೇಜಿನ ಮೇಲೆ ಯಾವುದೋ ಹೂವಿತ್ತು. ಬಿಳಿಯೂ ಅಲ್ಲ, ಇನ್ನೇನೂ ಅಲ್ಲ.

ಸೆಪ್ಟೆಂಬರ್ 2

ಬರೆಯುವುದಕ್ಕೆ ಏನಿದೆ.

ಅಕ್ಟೋಬರ್ 6

ಕಣ್ಣಿನ ಆಸ್ಪತ್ರೆಗೆ ಒಬ್ಬಳೇ ಹೋಗಿದ್ದೆ. ಅದೇ ಪುಸ್ತಕ, ಅದೇ ಚುಕ್ಕೆ. ನರ ಬಿಳಿಚಿಕೊಂಡಿದೆ, ಇನ್ನು ಸುಧಾರಿಸುವ ಆಸೆ ಇಟ್ಟುಕೊಳ್ಳಬೇಡಿ, ಇರುವುದು ಉಳಿದರೆ ಸಾಕು ಎಂದರು. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಅಲ್ಲೇ ಸ್ವಲ್ಪ ಹೊತ್ತು ಕೂತೆ.

ಬಾಗಿಲಲ್ಲೇ ಅಕ್ಕ ಕಾಯುತ್ತಿದ್ದಳು. ಮುಂದಿನ ತಿಂಗಳು ಬರೋಕೆ ಹೇಳಿದ್ದಾರೆ ಎಂದಷ್ಟೇ ಹೇಳಿ ಒಳಗೆ ಹೋದೆ.

ಅಕ್ಟೋಬರ್ 20

ಇವತ್ತು ರಜೆ. ಹಿತ್ತಲಲ್ಲಿ ಅಕ್ಕ ಒಣಗಿದ ಬಟ್ಟೆ ಎತ್ತುತ್ತಿದ್ದಳು. ನನ್ನನ್ನು ಕಂಡು ಎರಡು ಟವೆಲ್ ಒಂದೊಂದು ಕೈಯಲ್ಲಿ ಹಿಡಿದು ನಿಂತಳು. "ಇದರಲ್ಲಿ ಕೆಂಪು ಯಾವುದು ಹೇಳು ನೋಡೋಣ."

ನನಗೆ ಎರಡೂ ಒಂದೇ. ಬಾಯಿಗೆ ಬಂದಂತೆ ಬಲಗೈಯದು ಎಂದೆ.

"ಸರಿ" ಎಂದಳು. ದನಿ ಉಬ್ಬಿ ಬಂತು. "ಸರಿಯಾಗಿ ಹೇಳ್ದೆ ನೋಡು. ಇನ್ನೊಂದ್ಸಲ ಹೇಳು."

ಅವಳು ಟವೆಲ್ ಅದಲುಬದಲು ಮಾಡಲಿಲ್ಲ, ಕೈಗಳು ಇದ್ದಲ್ಲೇ ಇದ್ದವು, ಅಷ್ಟು ನನಗೆ ಕಾಣುತ್ತದೆ. ಈ ಸಲ ಬೇಕೆಂತಲೇ ಎಡಗೈಯದು ಎಂದೆ.

"ಸರಿ" ಎಂದಳು ಅಕ್ಕ.

ಟವೆಲ್‌ಗಳನ್ನು ಇಸಿದುಕೊಂಡು ಮಡಿಸಿದೆ. "ಹೌದಕ್ಕಾ, ದಿನಾ ಸ್ವಲ್ಪ ಸ್ವಲ್ಪ ಬರ್ತಾ ಇದೆ" ಎಂದೆ.